ನೀಲವ್ವ ಸಹಿ ಮಾಡಲಿಲ್ಲ

ಹ್ಯಾಮಿಲ್ಟನ್ನಿನ ಟೆ ರಾಪಾದಲ್ಲಿದ್ದ ನಮ್ಮ ಕಾರ್ಖಾನೆಯಲ್ಲಿ ಮೂವತ್ತೆರಡು ಮಂದಿ ಕೆಲಸ ಮಾಡುತ್ತಿದ್ದೆವು. ಕನ್ನಡ ಬಲ್ಲವರು ಮೂವರೇ ಆದರೂ ಒಂದು ಕನ್ನಡ ಪದ ಮಾತ್ರ ಮೂವತ್ತೆರಡು ಮಂದಿಗೂ ಗೊತ್ತಿತ್ತು. ಆ ಪದ 'ಆಗೂದಿಲ್ಲ'. ಅದನ್ನು ಕಲಿಸಿದವರು ನೀಲವ್ವ ಹುಲಕೋಟಿ. 'ಯಾ, ನಾ' ಎಂದು ಹೌದು ಇಲ್ಲಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗುಳ್ನಕ್ಕು ಮುಂದೆ ಹೋಗಿಬಿಡುವ ಈ ದೇಶದ ಜನರ ನಡುವೆ, ನಿರಾಕರಣೆಗೆ ಒಂದು ಗಟ್ಟಿಯಾದ ಪದ ಬೇಕೆಂದು ಆಕೆಗೆ ಅನ್ನಿಸಿರಬೇಕು. ಕೈಯಲ್ಲಿದ್ದ, ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ನನ್ನು ಅದರ ಗೂಡಿನಲ್ಲಿಟ್ಟು, ಕನ್ನಡಕ ತೆಗೆದು, ಎದುರಿಗಿದ್ದವರ ಮುಖವನ್ನು ಒಂದು ಕ್ಷಣ ನೋಡಿ, 'ಆಗೂದಿಲ್ಲ' ಎಂದು ಹೇಳಿ, ಮತ್ತೆ ಕನ್ನಡಕ ಏರಿಸಿಕೊಳ್ಳುತ್ತಿದ್ದರು. ಕನ್ನಡಕ ಮೂಗಿನ ಮೇಲೆ ಕುಳಿತ ಮೇಲೆ ಆ ವಿಷಯದಲ್ಲಿ ಇನ್ನು ಮಾತಿಲ್ಲ ಎಂಬುದು ಲಾರಿ ತುಂಬುವವನಿಗೂ ತಿಳಿದಿತ್ತು.

ಆಕೆಯ ನಡಿಗೆಯನ್ನು ಕಾರ್ಖಾನೆಯ ಆ ತುದಿಯಿಂದಲೇ ಗುರುತಿಸಬಹುದಿತ್ತು. ಮಳೆ ಬಿದ್ದ ಎರೆಹೊಲದಲ್ಲಿ ನಡೆದು ಬೆಳೆದವರ ನಡಿಗೆ ಅದು. ಕಾಲನ್ನು ನೇರ ಮೇಲಕ್ಕೆತ್ತಿ, ನೇರ ಕೆಳಕ್ಕಿಟ್ಟು, ನೆಲ ಹಿಡಿದುಕೊಂಡೀತೆಂಬ ಅನುಮಾನದಿಂದ ಪ್ರತಿ ಹೆಜ್ಜೆಯನ್ನೂ ಕಿತ್ತುಕೊಂಡು ಸಾಗುತ್ತಿದ್ದರು. ಹೊಳಪು ಕೊಟ್ಟ ಕಾಂಕ್ರೀಟಿನ ಮೇಲೆ, ಮುಂಗಾಲಿಗೆ ಉಕ್ಕಿನ ಕವಚವಿದ್ದ ಬೂಟುಗಳಲ್ಲಿ, ಆ ನಡಿಗೆಗೆ ಅನವಶ್ಯಕವಾದ ಒಂದು ಗಾಂಭೀರ್ಯ ಬಂದಿತ್ತು. ಕಂಪನಿ ಕೊಟ್ಟ ನೀಲಿ ಕೋಟು ಗಂಡಸರ ಅಳತೆಯದು. ತೋಳು ಬೆರಳುಗಳನ್ನೂ ದಾಟಿ ಇಳಿಯುತ್ತಿತ್ತು. ಹೆಂಗಸರ ಅಳತೆಯದು ಬರಲು ಆರು ವಾರ ಬೇಕೆಂದಾಗ, ಆಕೆ ತೋಳನ್ನು ಮಡಚಿ ಎದ್ದು ಕಾಣುವ ಕೆಂಪು ದಾರದಲ್ಲಿ ಹೊಲಿದುಕೊಂಡರು. ಆರು ವಾರದ ನಂತರ ಸರಿಯಾದ ಕೋಟು ಬಂದಾಗ ಅದನ್ನು ಮುಟ್ಟಲಿಲ್ಲ. ಏಳು ವರ್ಷ ಆ ಕೆಂಪು ಹೊಲಿಗೆಯ ಕೋಟಿನಲ್ಲೇ ಕಳೆದರು.

ಗದಗದವರು. ಹುಬ್ಬಳ್ಳಿಯ ಪಾಲಿಟೆಕ್ನಿಕ್ಕಿನಲ್ಲಿ ತರಗತಿಗೆ ಮೂವರೇ ಹುಡುಗಿಯರಿದ್ದ ಕಾಲದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ಟೆಲಿಫೋನ್ ಎಕ್ಸ್‌ಚೇಂಜಿನ ದುರಸ್ತಿ ವಿಭಾಗದಲ್ಲಿ ಹದಿನೆಂಟು ವರ್ಷ ದುಡಿದವರು. ಗಂಡ ಕಲ್ಲೇಶ್ ಮಣ್ಣಿನ ವಿಜ್ಞಾನಿ. ಅವರಿಗೆ ಇಲ್ಲಿ ಕೆಲಸ ಸಿಕ್ಕಾಗ, ಎರಡು ಸಾವಿರದ ಐದರಲ್ಲಿ, ಮಗಳು ಮೇಘಾಳೊಂದಿಗೆ ಬಂದರು. ನಮ್ಮ ಕಂಪನಿಯ ಸಂದರ್ಶನದಲ್ಲಿ ಆಕೆಯ ಡಿಪ್ಲೊಮಾ ಈ ದೇಶದ ಪಟ್ಟಿಯಲ್ಲಿಲ್ಲ ಎಂದು ಸೌಜನ್ಯದಿಂದ ಹೇಳಿದರಂತೆ. 'ಪಟ್ಟಿ ಇರಲಿ, ಒಂದು ಕೆಟ್ಟ ಬೋರ್ಡು ಕೊಡಿ' ಎಂದು ಈಕೆ ಕೇಳಿದರಂತೆ. ಇಪ್ಪತ್ತು ನಿಮಿಷದಲ್ಲಿ ಬೋರ್ಡು ಸರಿಯಾಯಿತು. ಆದರೂ ಕೊಟ್ಟದ್ದು ಬೆಸುಗೆ ಹಾಕುವ ಕೆಲಸವನ್ನೇ. ಎರಡು ವರ್ಷ ಬೆಸುಗೆ ಹಾಕಿದ ಮೇಲೆ ಅಂತಿಮ ಪರೀಕ್ಷೆಯ ಮೇಜು ಸಿಕ್ಕಿತು. ಹೊರಗೆ ಹೋಗುವ ಪ್ರತಿಯೊಂದು ಯಂತ್ರದ ಬೆನ್ನಿಗೆ ಒಂದು ಹಸಿರು ಚೀಟಿ, ಅದರ ಮೇಲೆ ನೀಲವ್ವನ ಸಹಿ.

ಆ ಮೇಜಿನಲ್ಲಿ ಆಕೆಯದೊಂದು ಹಟವಿತ್ತು. ಪರೀಕ್ಷೆಯ ಫಲಿತಾಂಶಗಳನ್ನು ಕಂಪ್ಯೂಟರಿಗೆ ತುಂಬುವ ಮೊದಲು ಉದ್ದನೆಯ ಗೆರೆಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು, ಅದೂ ಕನ್ನಡದ ಅಂಕಿಗಳಲ್ಲಿ. ಗುಣಮಟ್ಟ ತಪಾಸಣೆಗೆ ಬಂದವರೊಬ್ಬರು ಇದನ್ನು ಯಾರು ಓದಬೇಕು ಎಂದು ಕೇಳಿದ್ದಕ್ಕೆ, 'ಬರೆದವರು ಓದಬೇಕು' ಎಂದು ಇಂಗ್ಲಿಷಿನಲ್ಲಿ ಉತ್ತರಿಸಿ, ಕನ್ನಡದಲ್ಲಿ 'ಅಷ್ಟ' ಎಂದು ಮುಗಿಸಿದ್ದರು. ಮಾತನ್ನು 'ಅಷ್ಟ' ಎಂದು ಮುಗಿಸುವುದು ಆಕೆಯ ರೂಢಿ.

ಪ್ರಿಯವಾದ ವ್ಯಕ್ತಿಯೆಂದು ನಾನು ಆಕೆಯನ್ನು ಚಿತ್ರಿಸಹೊರಟಿಲ್ಲ. ನಮ್ಮ ಕನ್ನಡ ಕೂಟದವರು ಒಂದು ದೀಪಾವಳಿಗೆ ಆಕೆಯನ್ನು ಸನ್ಮಾನಿಸಲು ಹೊರಟಾಗ, ಧ್ವನಿವರ್ಧಕ ಗುಂಯ್‌ಗುಡುತ್ತಿದೆಯೆಂದು ಶಾಲು ಹಿಡಿದು ನಿಂತ ಅಧ್ಯಕ್ಷ ಚಂದ್ರಮೌಳಿಯವರನ್ನು ಅಲ್ಲೇ ನಿಲ್ಲಿಸಿ, ಕೈಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಆಂಪ್ಲಿಫಯರ್ ಬಿಚ್ಚಿದರು. ಇನ್ನೂರು ಜನ ಇಪ್ಪತ್ತೈದು ನಿಮಿಷ ಕಾದರು. ಗುಂಯ್ ಎನ್ನುವುದು ನಿಂತಿತು. ಆಮೇಲೆ ಶಾಲು ಹೊದಿಸಿಕೊಂಡು, ಭಾಷಣ ಮಾಡಿರೆಂದರೆ, 'ಈಗ ಕೇಳಸ್ತೈತಿ. ಮಾತಾಡೋರು ಮಾತಾಡ್ರಿ' ಎಂದು ಇಳಿದುಬಂದರು.

ನನ್ನ ವಿಷಯವನ್ನೂ ಹೇಳಬೇಕು, ಏಕೆಂದರೆ ಮುಂದಿನ ಕಥೆಯಲ್ಲಿ ನನ್ನ ಪಾತ್ರ ಶ್ಲಾಘನೀಯವಾದುದಲ್ಲ. ನಾನು ಮೈಸೂರಿನವನು, ಹೆಸರು ಮೋಹನ. ಕಂಪನಿಯ ಕೈಪಿಡಿಗಳನ್ನು ಬರೆಯುವುದು, ಗ್ರಾಹಕರ ದೂರುಗಳಿಗೆ ಉತ್ತರ ಬರೆಯುವುದು ನನ್ನ ಉದ್ಯೋಗ. ಕ್ಷಮೆ ಕೇಳದೆ ವಿಷಾದ ವ್ಯಕ್ತಪಡಿಸುವ ವಿದ್ಯೆಯಲ್ಲಿ ನಾನು ನಿಪುಣನಾಗಿದ್ದೆ.

ನಾವು ತಯಾರಿಸುತ್ತಿದ್ದದ್ದು ಹಾಲಿನ ತೊಟ್ಟಿಯ ಉಷ್ಣತೆಯನ್ನು ಕಾಯುವ ಒಂದು ಉಪಕರಣ. ಎಲ್ಲರೂ ಅದನ್ನು ಬರಿದೆ 'ಬಾಕ್ಸ್' ಎನ್ನುತ್ತಿದ್ದೆವು. ಕರೆದ ಹಾಲು ತೊಟ್ಟಿಯಲ್ಲಿ ಬೇಗ ತಣ್ಣಗಾಗಬೇಕು, ತಣ್ಣಗೇ ಇರಬೇಕು. ಇಲ್ಲದಿದ್ದರೆ ಅದನ್ನು ಟ್ಯಾಂಕರಿಗೆ ಕೊಡುವಂತಿಲ್ಲ. ಬಾಕ್ಸ್ ಅದನ್ನು ಅಳೆದು ತೋರಿಸುತ್ತಿತ್ತು, ದಾಖಲಿಸುತ್ತಿತ್ತು. ಎರಡು ಸಾವಿರದ ಹನ್ನೆರಡರ ಆಗಸ್ಟ್ ತಿಂಗಳಲ್ಲಿ, ಭೂಮಿಯ ದಕ್ಷಿಣ ತುದಿಯ ಈ ದೇಶದ ಚಳಿಗಾಲದಲ್ಲಿ, ಹಸುಗಳು ಕರು ಹಾಕಿ ಕರಾವು ಶುರುವಾದ ಹೊತ್ತಿಗೆ, ದೂರುಗಳು ಬರತೊಡಗಿದವು. ಬೆಳಗಿನ ಜಾವ ಬಾಕ್ಸ್ ಹುಚ್ಚುಚ್ಚಾಗಿ ಅಂಕಿ ತೋರಿಸುತ್ತದೆ, ಆರಿ ಹತ್ತುತ್ತದೆ, ನಾಲ್ಕು ಡಿಗ್ರಿಯ ಹಾಲನ್ನು ಹನ್ನೊಂದು ಎನ್ನುತ್ತದೆ. ನಮ್ಮ ತಂತ್ರಜ್ಞ ಮಧ್ಯಾಹ್ನ ಹೋಗಿ ನೋಡಿದರೆ ಎಲ್ಲವೂ ಸರಿ. ಬಿಚ್ಚಿ ತಂದ ಹನ್ನೊಂದು ಬಾಕ್ಸ್‌ಗಳನ್ನು ನೀಲವ್ವ ಪರೀಕ್ಷಿಸಿದರು. ಹನ್ನೊಂದೂ ಪಾಸಾದವು. ಹನ್ನೊಂದಕ್ಕೂ ಮತ್ತೆ ಹಸಿರು ಚೀಟಿ ಅಂಟಿಸಿ ಸಹಿ ಮಾಡಿದರು. ನಾನು ಹನ್ನೊಂದು ಪತ್ರ ಬರೆದೆ: 'ಉಪಕರಣದಲ್ಲಿ ಯಾವ ದೋಷವೂ ಕಂಡುಬಂದಿಲ್ಲ. ತಮ್ಮ ಶೀತಕ ವ್ಯವಸ್ಥೆಯ ನಿರ್ವಹಣೆಯನ್ನು ಪರಿಶೀಲಿಸಬೇಕೆಂದು ಕೋರುತ್ತೇವೆ.'

ಆ ಪತ್ರಗಳಲ್ಲೊಂದು ಪುಟಾರುರು ಬಳಿಯ ಟ್ರೇಸಿ ಎಂಬುವಳಿಗೆ ಹೋಯಿತು. ಬೇರೆಯವರ ಜಮೀನಿನಲ್ಲಿ ಪಾಲಿಗೆ ಹಸು ಸಾಕಿ ಹಾಲು ಕರೆಯುವವಳು. ಬಾಕ್ಸ್ ಹನ್ನೊಂದು ಡಿಗ್ರಿ ತೋರಿಸಿದ್ದನ್ನು ನಂಬಿ, ಕೆಟ್ಟಿರಬಹುದಾದ ಹಾಲನ್ನು ಟ್ಯಾಂಕರಿಗೆ ಕೊಡಬಾರದೆಂದು, ತೊಟ್ಟಿಯ ನಲ್ಲಿ ತೆರೆದು ಎಲ್ಲವನ್ನೂ ಚೆಲ್ಲಿಬಿಟ್ಟಿದ್ದಳು. ಒಂದಲ್ಲ, ಎರಡು ಸಲ. ಒಂದು ಮಧ್ಯಾಹ್ನ ಫೋನು ಮಾಡಿ, 'ನಿನ್ನ ಪತ್ರವನ್ನು ಜಮೀನಿನ ಯಜಮಾನ ಶೆಡ್ಡಿನ ಗೋಡೆಗೆ ಹಚ್ಚಿದ್ದಾನೆ. ನಾನು ಚಿಲ್ಲರ್ ಹಾಕುವುದನ್ನೇ ಮರೆತೆ ಅನ್ನುವುದಕ್ಕೆ ಅದೇ ಸಾಕ್ಷಿಯಂತೆ' ಎಂದಳು. ಜಗಳದ ದನಿಯಲ್ಲ ಅದು, ದಣಿದ ದನಿ. ವಿಷಾದ ವ್ಯಕ್ತಪಡಿಸಿದೆ. ಮುಂದಿನ ವರ್ಷದ ಕರಾರು ತನಗೆ ಸಿಗಲಾರದು ಎಂದು ಹೇಳಿ ಅವಳು ಫೋನಿಟ್ಟಳು.

ಟ್ರೇಸಿಯ ಬಾಕ್ಸ್ ಎರಡನೆಯ ಸಲ ನಮ್ಮಲ್ಲಿಗೆ ಬಂದದ್ದು ಅವಳ ನೆರೆಯವನ ಯೂಟ್ ಎಂಬ ಚಿಕ್ಕ ಸರಕುಗಾಡಿಯಲ್ಲಿ. ಅವನು ಹ್ಯಾಮಿಲ್ಟನ್ನಿಗೆ ಬರುವವನಿದ್ದ; ತೆರೆದ ಹಿಂಭಾಗದಲ್ಲಿ ಬಾಕ್ಸ್ ಹಾಕಿಕೊಂಡು, ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿದ್ದ ಮುಂಜಾನೆಯಲ್ಲಿ ಒಂದು ಗಂಟೆ ಓಡಿಸಿಕೊಂಡು ಬಂದು, ಏಳೂವರೆಗೆ ನಮ್ಮ ಬಾಗಿಲಲ್ಲಿ ಇಳಿಸಿ ಹೋದ. ಎಲ್ಲರಿಗಿಂತ ಮೊದಲು ಬರುವ ನೀಲವ್ವ, ಲೋಹದ ಕವಚಕ್ಕೆ ಬೆರಳು ಅಂಟುವಷ್ಟು ತಣ್ಣಗಿದ್ದ ಅದನ್ನು ಬಿಸಿಯಾಗಲು ಬಿಡದೆ ಹಾಗೇ ಮೇಜಿಗೇರಿಸಿ ವಿದ್ಯುತ್ ಕೊಟ್ಟರು. ಆರು ನಿಮಿಷ ಅದು ಟ್ರೇಸಿ ಹೇಳಿದ್ದನ್ನೆಲ್ಲ ಮಾಡಿತು. ಅಂಕಿ ಕುಣಿಯಿತು, ಪರದೆ ಆರಿತು, ಹತ್ತಿತು. ಏಳನೆಯ ನಿಮಿಷಕ್ಕೆ, ಏನೂ ಆಗಿಲ್ಲವೆಂಬಂತೆ, ಶಾಂತವಾಯಿತು.

ನಾನು ಒಂಬತ್ತಕ್ಕೆ ಬಂದಾಗ ಊಟದ ಕೋಣೆಯ ಫ್ರೀಜರಿನಲ್ಲಿದ್ದ ಜನರ ಪೈ, ಐಸ್‌ಕ್ರೀಮು, ಮೀನು ಎಲ್ಲವೂ ಮೇಜಿನ ಮೇಲೆ ಕರಗುತ್ತಿದ್ದವು. ಒಳಗೆ ನಾಲ್ಕು ಬಾಕ್ಸ್‌ಗಳಿದ್ದವು.

ಸಂಜೆಯ ಹೊತ್ತಿಗೆ ಅಪರಾಧಿ ಸಿಕ್ಕಿತ್ತು. ಬಾಕ್ಸಿನೊಳಗೆ ಒಂದು ರೆಗ್ಯುಲೇಟರ್ ಇರುತ್ತದೆ. ಏರಿಳಿಯುವ ವಿದ್ಯುತ್ತನ್ನು ತೆಗೆದುಕೊಂಡು ಅಲುಗಾಡದ ಐದು ವೋಲ್ಟ್ ಕೊಡುವುದು ಅದರ ಕೆಲಸ. ಅದರ ಹೊರಬಾಯಿಗೆ ಒಂದು ಕೆಪಾಸಿಟರ್ ಕೂರಿಸಬೇಕು. ಮೊದಲು ಅಲ್ಲಿ ಟ್ಯಾಂಟಲಮ್ ಎಂಬ ಜಾತಿಯದನ್ನು ಹಾಕುತ್ತಿದ್ದರು. ಹಿಂದಿನ ಬೇಸಿಗೆಯಿಂದ ಅದರ ಬದಲು ಅಗ್ಗದ ಅಲ್ಯುಮಿನಿಯಮ್ ಡಬ್ಬಿಯದು ಬಂದಿತ್ತು. ಬದಲಾವಣೆಗೆ ಒಪ್ಪಿಗೆ ಕೊಟ್ಟವನು ವಿನ್ಯಾಸ ವಿಭಾಗದ ಸಂಕೇತ್, ನಮ್ಮ ಮೂವರು ಕನ್ನಡಿಗರಲ್ಲಿ ಮೂರನೆಯವನು, ಬೆಂಗಳೂರಿನ ಇಂಜಿನಿಯರು. ವೀಸಾ ಈ ಕಂಪನಿಗೇ ಕಟ್ಟುಬಿದ್ದಿದ್ದರಿಂದ ಯಾರಿಗೂ ಇಲ್ಲವೆನ್ನಲಾರದವನು.

'ಆಂಟಿ, ಎರಡೂ ಹತ್ತು ಮೈಕ್ರೋಫ್ಯಾರಡ್ಡೇ. ವೋಲ್ಟೇಜೂ ಸೇಮ್. ಪರ್ಚೇಸ್‌ನವ್ರು ಕೇಳಿದ್ರು, ಓಕೆ ಅಂದೆ. ಸಿಮ್ಯುಲೇಷನ್ನೂ ಪಾಸ್ ಆಗಿದೆ.'

'ಕೆಲಸದಾಗ ಆಂಟಿ ಅನಬ್ಯಾಡ. ನಿನ್ನ ಸಿಮ್ಯುಲೇಷನ್‌ಗೆ ಥಂಡಿ ಹತ್ತೈತೇನು?'

'ಇಪ್ಪತ್ತೈದು ಡಿಗ್ರಿಗೆ ರನ್ ಮಾಡಿದ್ದು.'

'ಪುಟಾರುರೂದಾಗ ಆಗಸ್ಟ್ ತಿಂಗಳ ಮುಂಜಾನೆ ಇಪ್ಪತ್ತೈದು ಡಿಗ್ರಿ ಎಲ್ಲೈತಿ, ತೋರಸು. ಹತ್ತು ಅನ್ನೂದು ಬರೇ ಅಳತಿ. ಅದರ ಒಳಗ ಅದರದ ಒಂದು ರೋಧ ಇರ್ತೈತಿ. ಥಂಡ್ಯಾಗ ಇದರ ಒಳಗಿನ ರಸ ದಪ್ಪಾಗಿ ಆ ರೋಧ ನಾಕೈದು ಪಟ್ಟು ಏರತೈತಿ. ಅದನ್ನ ಯಾರ ನೋಡಿದ್ರಿ?'

ಸಂಕೇತನ ಮುಖ ಸಣ್ಣದಾಯಿತು. 'ಹಾಗಾದ್ರೆ ಸೆರಾಮಿಕ್ ಹಾಕೋಣ, ಅದಕ್ಕೆ ಆ ರೋಧ ಇರೋದೇ ಇಲ್ಲ' ಎಂದ. ನೀಲವ್ವ ವಾದಿಸಲಿಲ್ಲ, ಅಲ್ಲೇ ಒಂದನ್ನು ಕಿತ್ತು ಸೆರಾಮಿಕ್ ಬೆಸೆದು, ವಿದ್ಯುತ್ತನ್ನು ಗೆರೆಯಾಗಿ ತೋರಿಸುವ ಸ್ಕೋಪಿಗೆ ಹಚ್ಚಿದರು. ನಿಶ್ಚಲವಾಗಿರಬೇಕಾದ ಗೆರೆ ಗರಗಸದ ಹಲ್ಲಿನಂತೆ ನಡುಗುತ್ತಿತ್ತು, ಅದೂ ಬೆಚ್ಚಗಿನ ಕೋಣೆಯಲ್ಲಿ. 'ಈ ರೆಗ್ಯುಲೇಟರ್‌ಗೆ ರೋಧ ಹೆಚ್ಚಾದ್ರೂ ನಡಿಯೂದಿಲ್ಲ, ಇಲ್ಲದಿದ್ರೂ ನಡಿಯೂದಿಲ್ಲ. ಮಾಡಿದವರು ಕಾಗದದಾಗ ಬರದಾರ, ಹನ್ನೊಂದನೇ ಪುಟ. ಓದು. ಅಷ್ಟ.'

ನನಗೆ ಇದು ಅರ್ಥವಾಗಲಿಲ್ಲ. ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಯಂತ್ರ ಹುಚ್ಚಾಗುವುದು ಹೇಗೆ ಎಂದು ಕೇಳಿದೆ. ಆಕೆ ಗಾಳಿಯಲ್ಲಿ ತೊಟ್ಟಿಲು ತೂಗಿ ತೋರಿಸಿದರು.

'ತೂಗೂ ತೊಟ್ಲಾ ನಿಲ್ಲಸಬೇಕಂದ್ರ ಕೈ ಯಾವಾಗ ಕೊಡಬೇಕು ಅನ್ನೂದು ಗೊತ್ತಿರಬೇಕ್ರಿ. ವ್ಯಾಳ್ಯಾ ತಪ್ಪಿ ಕೈ ಕೊಟ್ರ, ನಿಲ್ಲಸಾಕ ಹೋದದ್ದ ಇನ್ನೂ ಜೋರ್ ತೂಗತೈತಿ. ಕೆಪಾಸಿಟರ್ ಆ ವ್ಯಾಳ್ಯಾ ಕಾಯ್ತೈತಿ.'

ಬರೆಯುವವನ ಚಪಲ ನನ್ನದು. 'ಅಂದ್ರೆ ಸ್ಥಿರವಾಗಿರಬೇಕಾದ್ರೆ ಒಳಗೆ ಒಂದಿಷ್ಟು ರೋಧ ಬೇಕು. ಮನುಷ್ಯರಿಗೂ ಹಾಗೇ ಅಲ್ವಾ?' ಎಂದೆ.

'ಅದು ಕೆಪಾಸಿಟರ್ ರೀ' ಎಂದರು ನೀಲವ್ವ. 'ಅದನ್ನ ಅಷ್ಟಕ್ಕ ಬಿಡ್ರಿ.'

ಮರುದಿನ ಉತ್ಪಾದನೆಯ ಮೇಲ್ವಿಚಾರಕ ಗ್ರಾಂಟ್ ಆಕೆಯ ಮೇಜಿಗೆ ಬಂದ. ಕೆಟ್ಟ ಮನುಷ್ಯನಲ್ಲ, ದಿನ ದಾಟಿಸುವ ಮನುಷ್ಯ. ಇನ್ನೂರ ನಲವತ್ತು ಬಾಕ್ಸ್‌ಗಳು ಹೊರಡಲು ಸಿದ್ಧವಾಗಿದ್ದವು. 'ತಲೆ ಕೆಡಿಸಿಕೊಳ್ಳಬೇಡ, ನೀಲಾ' ಎಂದ. 'ನಮ್ಮ ಪರೀಕ್ಷಾ ವಿಧಾನದಲ್ಲಿ ಇಪ್ಪತ್ತು ಡಿಗ್ರಿ ಅಂತಿದೆ. ಇಪ್ಪತ್ತು ಡಿಗ್ರಿಯಲ್ಲಿ ಇವೆಲ್ಲ ಪಾಸಾಗುತ್ತವೆ. ನೀನು ಸಹಿ ಮಾಡುವುದು ಅದಕ್ಕಷ್ಟೇ.'

ನೀಲವ್ವ ಐರನ್ ಗೂಡಿನಲ್ಲಿಟ್ಟರು. ಕನ್ನಡಕ ತೆಗೆದರು. ಮುಂದಿನದು ಗ್ರಾಂಟನಿಗೆ ಅನುವಾದವಿಲ್ಲದೆ ತಿಳಿಯಿತು.

ಮೂರು ದಿನ ಬಾಕ್ಸ್‌ಗಳು ಗೋಡೆಯುದ್ದಕ್ಕೂ ಕುಳಿತಿದ್ದವು. ಆ ಮೂರು ದಿನಗಳಲ್ಲಿ ಎಲ್ಲರೂ ಆಕೆಗೆ ಬುದ್ಧಿ ಹೇಳಿದರು, ನಾನೂ ಹೇಳಿದೆ. ಮನೆಯಲ್ಲಿ ವಿಶ್ವವಿದ್ಯಾಲಯಕ್ಕೆ ಹೋಗುತ್ತಿದ್ದ ಮೇಘಾ, ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ, 'ಇಟ್ಸ್ ಜಸ್ಟ್ ಎ ಸ್ಟಿಕ್ಕರ್, ಅವ್ವಾ' ಎಂದಳಂತೆ. 'ಚೀಟಿ ಕಂಪನೀದು. ಹೆಸರು ನಂದು' ಎಂದರಂತೆ ಈಕೆ. ಆಕೆಯ ಸಿಟ್ಟಿನ ಮೂಲ ಗ್ರಾಂಟನಲ್ಲ, ಸಂಕೇತನೂ ಅಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಹನ್ನೊಂದು ಬಾಕ್ಸ್‌ಗಳಿಗೆ ತಾನೇ ಸಹಿ ಮಾಡಿ ವಾಪಸು ಕಳಿಸಿದ್ದೆನಲ್ಲ ಎಂಬುದು ಆಕೆಯನ್ನು ತಿನ್ನುತ್ತಿತ್ತು. 'ಟ್ರೇಸಿ ಹಾಲ ಚೆಲ್ಲಿದ್ದು ಎರಡನೇ ಸಲ ಯಾವಾಗ್ರಿ? ನಾ ಸಹಿ ಮಾಡಿದ ಮ್ಯಾಲ' ಎಂದು ಒಮ್ಮೆ ಹೇಳಿದರು. ಒಮ್ಮೆಯೇ.

ನಾಲ್ಕನೆಯ ದಿನ ಗ್ರಾಂಟ್ ಹೊಸ ಚೀಟಿಗಳನ್ನು ಮುದ್ರಿಸಿ ತಂದ. ಅವುಗಳಲ್ಲಿ ಸಹಿಯ ಜಾಗವೇ ಇರಲಿಲ್ಲ. ನೀಲವ್ವನನ್ನು ಪರೀಕ್ಷೆಯ ಮೇಜಿನಿಂದ ಎಬ್ಬಿಸಿ ಪ್ಯಾಕಿಂಗಿಗೆ ಹಾಕಿದರು. ಆಕೆ ಗೆರೆಪುಸ್ತಕ ಎತ್ತಿಕೊಂಡು, ಎರೆಹೊಲ ದಾಟುವಂತೆ ದಾಟಿಹೋಗಿ, ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತರು. ಅಂತೂ ಬಗ್ಗಿದರು ಎಂದುಕೊಂಡೆವು. ನಿಜ ಹೇಳುವುದಾದರೆ ನನಗೆ ನಿರಾಳವಾಯಿತು.

ಎಂಟು ದಿನದ ಮೇಲೆ ಮಾಟಾಮಾಟಾದ ರೈತನೊಬ್ಬ ಫೋನು ಮಾಡಿ, ಪೆಟ್ಟಿಗೆಯೊಳಗಿನ ಚೀಟಿಯ ಅರ್ಥವೇನು ಎಂದು ಕೇಳಿದ. ಯಾವ ಚೀಟಿ ಎಂದೆ. ಓದಿ ಹೇಳಿದ: 'ಹೊರಗೆ ಮಂಜು ಹೆಪ್ಪುಗಟ್ಟಿರುವ ಬೆಳಗಿನಲ್ಲಿ ಈ ಬಾಕ್ಸ್ ತೋರಿಸುವ ಅಂಕಿಯನ್ನು ನಂಬಬೇಡಿ. ಹಾಲು ಚೆಲ್ಲುವ ಮುಂಚೆ ಬೇರೆ ಥರ್ಮಾಮೀಟರಿನಲ್ಲಿ ನೋಡಿ. ನೀಲವ್ವ ಹುಲಕೋಟಿ.' ಕೆಳಗೆ ಆಕೆಯ ಮೊಬೈಲ್ ನಂಬರು. ಅಷ್ಟರಲ್ಲಿ ನಲವತ್ತೊಂದು ಪೆಟ್ಟಿಗೆಗಳು ಹೋಗಿದ್ದವು. ನಲವತ್ತೊಂದರಲ್ಲೂ, ಕೈಬರಹದಲ್ಲಿ, ಅದೇ ಚೀಟಿ.

ಶಿಸ್ತುಕ್ರಮದ ಪತ್ರ ಬಂತು. ಈ ದೇಶದಲ್ಲಿ ಅಂಥ ವಿಚಾರಣೆಗೆ ಜೊತೆಗೊಬ್ಬರನ್ನು ಕರೆದೊಯ್ಯುವ ಹಕ್ಕಿದೆ. ನೀಲವ್ವ ನನ್ನ ಮೇಜಿನ ಮುಂದೆ ನಿಂತು, 'ಶುಕ್ರವಾರ ಹತ್ತಕ್ಕ ನೀವು ಬರ್ರಿ' ಎಂದರು.

'ನಾನ್ಯಾಕೆ? ಯೂನಿಯನ್ನಿನವರನ್ನ ಕರೀರಿ, ಲಾಯರನ್ನ ಕರೀರಿ. ಆ ಪತ್ರಗಳನ್ನ ಬರೆದವನೇ ನಾನು.'

'ಅದಕ್ಕ' ಎಂದರು. 'ನೀವು ಬರದದ್ದು ಸುಳ್ಳಲ್ಲ, ಖರೇನೂ ಅಲ್ಲ. ನಾ ಸಹಿ ಮಾಡಿದ್ದೂ ಹಂಗ. ಇಬ್ಬರೂ ಕೂಡೇ ಹೋಗೂಣು.'

ಆ ರಾತ್ರಿ ಮನೆಯಲ್ಲಿ, ಸಾಲ ತೀರದ ಮನೆ, ಸಿಗದೇ ಹೋಗಬಹುದಾದ ಇನ್ನೊಂದು ಕೆಲಸ ಎಂದು ಏನೇನೋ ಹೇಳಿಕೊಂಡೆ. ನನ್ನ ಹೆಂಡತಿ ಅನುರಾಧಾ ಆಸ್ಪತ್ರೆಯಲ್ಲಿ ನರ್ಸು. ತಟ್ಟೆ ಒರೆಸುತ್ತಾ, 'ವಾರ್ಡಲ್ಲಿ ಮಾನಿಟರ್ ಸುಳ್ಳು ಹೇಳ್ತಿದೆ ಅಂತ ಗೊತ್ತಾದ್ರೆ ನಾನು ಸುಮ್ನಿರ್ಬೇಕಾ ಅಂತ ನಿಮ್ಮನ್ನ ಕೇಳಿದ್ರೆ ಏನ್ ಹೇಳ್ತೀರಿ?' ಎಂದಳು. ಶುಕ್ರವಾರ ಹೋದೆ.

ಸಭೆಯಲ್ಲಿ ಗ್ರಾಂಟ್ ಇದ್ದ, ಮಾಲೀಕ ರಾಸ್ ಇದ್ದ. ನೀಲವ್ವ ಕೆಂಪು ಹೊಲಿಗೆಯ ಕೋಟು ತೊಟ್ಟು, ಜನ ಸಮುದ್ರತೀರಕ್ಕೆ ಬಿಯರ್ ಒಯ್ಯುವ ಚಿಲ್ಲಿ ಬಿನ್ ಎಂಬ ತಂಪುಪೆಟ್ಟಿಗೆಯೊಂದನ್ನು ಎರಡೂ ಕೈಯಲ್ಲಿ ಹೊತ್ತುಕೊಂಡು ಬಂದರು. ಒಳಗೆ ಐಸಿನಲ್ಲಿ ಹೂತ ಎರಡು ಬಾಕ್ಸ್, ಒಂದರಲ್ಲಿ ಟ್ಯಾಂಟಲಮ್, ಇನ್ನೊಂದರಲ್ಲಿ ಅಲ್ಯುಮಿನಿಯಮ್. ಮೇಜಿನ ಮೇಲೆ ಒಂದು ಲೋಟ ತಣ್ಣನೆಯ ಹಾಲಿಟ್ಟು, ಎರಡೂ ಬಾಕ್ಸಿಗೆ ವಿದ್ಯುತ್ ಕೊಟ್ಟು, ಅವುಗಳ ಅಳತೆಯ ಕಡ್ಡಿಗಳನ್ನು ಅದರಲ್ಲದ್ದಿ, ಪಕ್ಕದಲ್ಲಿ ಅಡುಗೆಮನೆಯ ಒಂದು ಥರ್ಮಾಮೀಟರ್ ನಿಲ್ಲಿಸಿದರು. ಗ್ರಾಂಟ್ ಚೀಟಿಯ ವಿಷಯ ಮಾತಾಡತೊಡಗಿದ. ಕಂಪನಿಯ ಹೆಸರಿಗೆ ಧಕ್ಕೆ, ಅನುಮತಿಯಿಲ್ಲದ ಸಂವಹನ, ನಂಬಿಕೆಯ ಭಂಗ. ಆಕೆಯ ದಾಖಲೆಗಳು ಯಾರಿಗೂ ಓದಲಾಗದ ಲಿಪಿಯಲ್ಲಿವೆ ಎಂಬುದನ್ನೂ ಸೇರಿಸಿದ.

ನೀಲವ್ವ ಗೆರೆಪುಸ್ತಕವನ್ನು ನನ್ನ ಕಡೆ ತಳ್ಳಿದರು.

ನಾನು ಓದಿದೆ. ಎಷ್ಟೋ ವರ್ಷಗಳಿಂದ ಕನ್ನಡದ ಅಂಕಿಗಳನ್ನು ಓದಿರಲಿಲ್ಲ. ಮೊದಲ ಸಾಲಿನಲ್ಲಿ ಆರು ಯಾವುದು ಒಂಬತ್ತು ಯಾವುದು ಎಂದು ತಡವರಿಸಿದೆ. ಆಮೇಲೆ ದನಿ ನೆಟ್ಟಗಾಯಿತು. 'ಅಲ್ಯುಮಿನಿಯಮ್. ಇಪ್ಪತ್ತು ಡಿಗ್ರಿ. ಹನ್ನೆರಡರಲ್ಲಿ ಕೆಟ್ಟದ್ದು ಸೊನ್ನೆ. ಅಲ್ಯುಮಿನಿಯಮ್. ಮೈನಸ್ ಮೂರು. ಹನ್ನೆರಡರಲ್ಲಿ ಒಂಬತ್ತು. ಟ್ಯಾಂಟಲಮ್. ಮೈನಸ್ ಮೂರು. ಹನ್ನೆರಡರಲ್ಲಿ ಸೊನ್ನೆ.' ಎರಡು ಪುಟ ಓದಿ, ತಲೆಯೆತ್ತಿ, ಯಾರೂ ಕೇಳದೆ ಹೇಳಿದೆ: 'ದೋಷವಿಲ್ಲ ಎಂದು ನಾನು ಹನ್ನೊಂದು ಮಂದಿ ರೈತರಿಗೆ ಬರೆದಿದ್ದೇನೆ. ಅದು ತಪ್ಪು.'

ರಾಸ್ ನನ್ನನ್ನು ನೋಡುತ್ತಿರಲಿಲ್ಲ. ಅವನು ಹಾಲಿನ ಲೋಟ ನೋಡುತ್ತಿದ್ದ. ಥರ್ಮಾಮೀಟರ್ ನಾಲ್ಕು ಎನ್ನುತ್ತಿತ್ತು. ಒಂದು ಬಾಕ್ಸ್ ನಾಲ್ಕು ಎನ್ನುತ್ತಿತ್ತು. ಇನ್ನೊಂದು ಹನ್ನೊಂದು ಎಂದಿತು, ಏಳು ಎಂದಿತು, ಆರಿಹೋಯಿತು, ಮತ್ತೆ ಹತ್ತಿಕೊಂಡು ಹನ್ನೆರಡು ಎಂದಿತು. ಅವನು ದನದ ಕೊಟ್ಟಿಗೆಯಲ್ಲೇ ಬೆಳೆದವನು. ನಾಲ್ಕು ಗಂಟೆಗೆ ಎದ್ದು ಕರೆದ ಹಾಲನ್ನು ನೆಲಕ್ಕೆ ಬಿಡುವುದೆಂದರೇನೆಂದು ಅವನಿಗೆ ಯಾರ ಪತ್ರವೂ ತಿಳಿಸಬೇಕಾಗಿರಲಿಲ್ಲ. 'ಎಲ್ಲವನ್ನೂ ವಾಪಸು ತರಿಸು, ಗ್ರಾಂಟ್' ಎಂದ.

ಇಲ್ಲಿಗೆ ಮುಗಿದಿದ್ದರೆ ಅದೊಂದು ಸುಖಾಂತ ಕಥೆಯಾಗುತ್ತಿತ್ತು. ಆದರೆ ಚೀಟಿ ಇಟ್ಟ ತಪ್ಪಿಗೆ ಲಿಖಿತ ಎಚ್ಚರಿಕೆ ಕೊಡಲೇಬೇಕೆಂದು ಕಂಪನಿಯ ವಕೀಲರು ಹೇಳಿದರು, ಕೊಟ್ಟರು. ತಲುಪಿದೆಯೆಂದು ಆಕೆ ಸಹಿ ಮಾಡಬೇಕಿತ್ತು. ಮಾಡಲಿಲ್ಲ. ಬದಲಿಗೆ ಒಂದೇ ಒಂದು ಬೇಡಿಕೆ ಇಟ್ಟರು: ತಪ್ಪು ನಮ್ಮದೆಂದು ಟ್ರೇಸಿಗೆ ಕಂಪನಿಯ ಪತ್ರ ಹೋಗಬೇಕು. ರಾಸ್ ಕಣ್ಣು ತಪ್ಪಿಸಿ, 'ಸರಿಪಡಿಸೋಣ ನೀಲಾ, ಎಲ್ಲವನ್ನೂ ಸರಿಪಡಿಸೋಣ. ಬರಹದಲ್ಲಿ ಮಾತ್ರ ಬೇಡ' ಎಂದ.

ಐದು ವಾರ ಬಾಕ್ಸ್‌ಗಳು ಬಂದವು. ನೀಲವ್ವ ಹಳೆಯ ಮೇಜಿಗೆ ಮರಳಿ, ಒಂದೊಂದನ್ನೂ ಬಿಚ್ಚಿ, ಅಲ್ಯುಮಿನಿಯಮ್ ಡಬ್ಬಿಯನ್ನು ಕಿತ್ತು, ಟ್ಯಾಂಟಲಮ್ ಕೂರಿಸಿ, ಫ್ರೀಜರಿನಲ್ಲಿಟ್ಟು ತೆಗೆದು ಪರೀಕ್ಷಿಸಿ, ಹಳೆಯ ಹಸಿರು ಚೀಟಿ ತರಿಸಿಕೊಂಡು ಸಹಿ ಮಾಡಿದರು. ಎರಡನೆಯ ದಿನದಿಂದ ಸಂಕೇತ್ ತಾನಾಗಿ ಬಂದು ಪಕ್ಕದಲ್ಲಿ ಕುಳಿತ. 'ಐರನ್ ಹಿಡಿಯೋದು ಸರಿಯಾಗಿ ಹೇಳ್ಕೊಡಿ, ಮೇಡಂ' ಎಂದ. 'ಮೇಡಂನೂ ಬ್ಯಾಡ. ಬೆರಳ ಸುಟ್ಟೀತು, ನೋಡ್ಕೋ' ಎಂದರು. ಕೊನೆಯ ಬಾಕ್ಸ್ ಹೊರಟ ಮಧ್ಯಾಹ್ನ ಆಕೆ ರಾಸ್‌ನ ಕೋಣೆಗೆ ಹೋಗಿ ಪತ್ರದ ವಿಷಯ ಇನ್ನೊಮ್ಮೆ ಕೇಳಿದರು. ಅವನು ಇಲ್ಲವೆಂದ. ಆಕೆ ಕೋಟು ಕಳಚಿ, ಮಡಚಿ, ಅವನ ಮೇಜಿನ ಮೇಲಿಟ್ಟು, ಮನೆಗೆ ಹೋದರು. ಕಿರುಚಲಿಲ್ಲ, ಬಾಗಿಲು ಬಡಿಯಲಿಲ್ಲ. ಆಕೆಯನ್ನು ಉಳಿಸಿಕೊಳ್ಳಲು ಸಂಬಳ ಏರಿಸುವ ಮಾತು ಆ ವಾರ ಎರಡು ಸಲ ಹೋಯಿತು. ಎರಡು ಸಲವೂ ಅದೇ ಕನ್ನಡ ಪದ ವಾಪಸು ಬಂತು.

ಪತ್ರವನ್ನು ನಾನು ಬರೆದೆ. ಕಂಪನಿಯ ಕಾಗದದಲ್ಲಲ್ಲ, ನನ್ನ ಹೆಸರಿನಲ್ಲಿ. ಡಿನ್ಸ್‌ಡೇಲಿನಲ್ಲಿದ್ದ ಆಕೆಯ ಮನೆಗೆ ಒಯ್ದು ತೋರಿಸಿದೆ. 'ದೋಷವು ನಮ್ಮ ಉಪಕರಣದಲ್ಲಿ ಇದ್ದಿರಬಹುದಾದ ಸಾಧ್ಯತೆಯಿದೆ' ಎಂಬ ನನ್ನ ವಾಕ್ಯದ ಬಳಿ ಆಕೆಯ ಬೆರಳು ನಿಂತಿತು.

'ಇದ್ದಿರಬಹುದು ಅಂತ ಯಾಕ?'

'ಸ್ವಲ್ಪ ಹುಷಾರಾಗಿ ಬರೆಯೋದು...'

'ಇತ್ತು. ಇತ್ತು ಅಂತ ಬರೀರಿ.'

ಬರೆದೆ. ಟ್ರೇಸಿಗೆ ಹಳೆಯ ಕರಾರು ಸಿಗಲಿಲ್ಲ. ಯಜಮಾನ ಆಗಲೇ ಬೇರೆಯವರಿಗೆ ಮಾತು ಕೊಟ್ಟಿದ್ದ. ಆದರೆ ಹೋದ ಹೆಸರು ವಾಪಸು ಬಂತು, ಆ ಪತ್ರ ಹಿಡಿದುಕೊಂಡು ಓಟೊರೊಹಂಗಾ ಕಡೆ ಇನ್ನೊಂದು ಜಮೀನಿನಲ್ಲಿ ಕೆಲಸ ಹಿಡಿದಳು. ನನಗೆ ಗ್ರಾಹಕರಿಗೆ ಏನನ್ನೂ ಬರೆಯಕೂಡದೆಂದು ಆಜ್ಞೆಯಾಯಿತು, ಬರೆಯುವುದೇ ಕೆಲಸವಾದವನಿಗೆ ಅದರ ಅರ್ಥ ಸ್ಪಷ್ಟವಿತ್ತು. ಕ್ರಿಸ್‌ಮಸ್ಸಿಗೆ ಮುಂಚೆ ಬಿಟ್ಟೆ. ಈಗ ವಲಸೆ ಬಂದವರಿಗೆ ಇಂಗ್ಲಿಷ್ ಕಲಿಸುತ್ತೇನೆ. ಸಂಬಳ ಕಡಿಮೆ, ನಿದ್ದೆ ಚೆನ್ನಾಗಿ ಬರುತ್ತದೆ.

ನೀಲವ್ವ ಮನೆಯ ಗ್ಯಾರೇಜಿನಲ್ಲಿ ಒಂದು ಮೇಜು ಹಾಕಿ, ಸುತ್ತಲಿನ ಜಮೀನುಗಳ ಬೇಲಿಗೆ ವಿದ್ಯುತ್ ಹರಿಸುವ ಬೇಲಿಯಂತ್ರ, ಪಂಪಿನ ಬೋರ್ಡು, ಕರಾವಿನ ಮೀಟರುಗಳನ್ನು ದುರಸ್ತಿ ಮಾಡತೊಡಗಿದರು. ಒಂದು ಶನಿವಾರ ನಾನಿದ್ದಾಗಲೇ ಟ್ರೇಸಿ ಬಂದಳು, ದಪ್ಪ ಉಣ್ಣೆಯಂಗಿ ತೊಟ್ಟ ಎತ್ತರದ ಹೆಂಗಸು, ಕಂಕುಳಲ್ಲಿ ಸತ್ತ ಬೇಲಿಯಂತ್ರ. ಇಬ್ಬರೂ ಮೊದಲ ಬಾರಿಗೆ ಪರಸ್ಪರ ನೋಡುತ್ತಿದ್ದರು. ಏನಾದರೂ ಹೃದಯಸ್ಪರ್ಶಿಯಾದದ್ದು ನಡೆದೀತೆಂದು ನಾನು ಕಾದೆ. ನೀಲವ್ವ ಯಂತ್ರದ ಮುಚ್ಚಳ ತೆಗೆದು, ಒಳಗಿನಿಂದ ಒಂದು ಲೋಟದಷ್ಟು ನೀರು ಸುರಿದದ್ದನ್ನು ನೋಡಿ, ಇದನ್ನು ಮಳೆಯಲ್ಲಿ ಬಾಯಿ ಮೇಲೆ ಮಾಡಿ ಇಟ್ಟವರು ಯಾರು ಎಂದು ಟ್ರೇಸಿಯನ್ನು ಹತ್ತು ನಿಮಿಷ ಬೈದರು. ಟ್ರೇಸಿ ತಲೆ ತಗ್ಗಿಸಿ ಬೈಸಿಕೊಂಡಳು. ಆಮೇಲೆ ಇಬ್ಬರೂ ಚಹಾ ಕುಡಿದರು.

ಇಂಥವರನ್ನು ಧೀರರೆಂದು ಕರೆಯುವ ಚಪಲ ನಮಗೆಲ್ಲ ಇದೆ. ಅದರ ಹಿಂದಿನ ಉಪಾಯ ನನಗೆ ಗೊತ್ತು, ನಾನೂ ಬಳಸಿದವನೇ: ಅವರನ್ನು ಅಪರೂಪದವರೆಂದು ಎತ್ತರದಲ್ಲಿಟ್ಟುಬಿಟ್ಟರೆ, ಅವರು ಮಾಡಿದ್ದನ್ನು ನಾವು ಮಾಡಬೇಕಾದ ಗೊಡವೆಯಿಲ್ಲ. ಅವರು ದೊಡ್ಡದೇನನ್ನೂ ಮಾಡಿರುವುದಿಲ್ಲ. ಕಂಡದ್ದನ್ನು ಕಂಡಿದ್ದೇನೆ ಎಂದಿರುತ್ತಾರೆ, ತಮ್ಮ ತಪ್ಪನ್ನು ತಮ್ಮದೆಂದಿರುತ್ತಾರೆ, ಅಷ್ಟನ್ನು ಹೇಳಿದ ಮೇಲೆ ಮಾತು ಬದಲಿಸಿರುವುದಿಲ್ಲ. ಜಗತ್ತು ಅವರನ್ನು ಕಷ್ಟದ ಮನುಷ್ಯರೆನ್ನುತ್ತದೆ. ಸಭೆಗಳು ಅವರಿಂದ ತಡವಾಗುತ್ತವೆ, ಸರಕು ಗೋಡೆಯುದ್ದಕ್ಕೂ ಕಾಯುತ್ತದೆ, ಒಳ್ಳೆಯವರೆನಿಸಿಕೊಂಡವರೆಲ್ಲ ಅವರಿಗೆ ಬುದ್ಧಿ ಹೇಳಿ ಹೇಳಿ ದಣಿಯುತ್ತಾರೆ. ಅವರಿಗೆ ವಿಶೇಷವಾದ ಧೈರ್ಯವಿದ್ದಿದ್ದರೆ ನಮಗೆ ಎಷ್ಟೋ ಸಮಾಧಾನವಿರುತ್ತಿತ್ತು. ಅವರು ಮಾಡಿದ್ದು ಪಕ್ಕದ ಮೇಜಿನಲ್ಲಿ ಕುಳಿತ ಯಾರಾದರೂ ಮಾಡಬಹುದಾಗಿದ್ದುದು. ಅದನ್ನೇ ನಾವು ಅವರಲ್ಲಿ ಕ್ಷಮಿಸಲಾರೆವು.